ಬಾಕಿ ಉಳಿದ ಕಾಣಿಕೆ

ನಾನು ಪಾಸ್ಟರ್ ಅಲ್ಲ. ಪುಣೆಯ ಹಿಂಜವಡಿಯಲ್ಲಿ ಟೆಸ್ಟಿಂಗ್ ಕೆಲಸ ಮಾಡುವವನು. ಕಾಣಿಕೆಯ ಬಗ್ಗೆ ಮಾತಾಡಿ ಅಂತ ಕೇಳಿದಾಗ ಮೊದಲು ಬೇಡ ಅಂದೆ. ಈ ವಿಷಯದಲ್ಲಿ ನಾನೇ ಬಾಕಿದಾರನಾಗಿದ್ದವನು. ಆಮೇಲೆ ಅನ್ನಿಸಿತು, ಅದನ್ನೇ ಹೇಳಿದರಾಯ್ತಲ್ಲ ಅಂತ.

ನಮ್ಮೂರು ಗದಗ ಕಡೆ. ವರ್ಷಕ್ಕೊಮ್ಮೆ ನಮ್ಮ ಸಭೆಯಲ್ಲಿ ಸುಗ್ಗಿ ಹಬ್ಬ. ಜೋಳ, ಶೇಂಗಾ, ಒಣಮೆಣಸಿನಕಾಯಿ, ಕೋಳಿ, ಯಾರ ಹೊಲದಲ್ಲಿ ಏನು ಬಂತೋ ಅದನ್ನ ತಂದು ಪೀಠದ ಮುಂದೆ ಇಡ್ತಾರೆ. ಆರಾಧನೆ ಮುಗಿದ ಮೇಲೆ ಹೊರಗೆ ಬೇವಿನ ಗಿಡದ ಕೆಳಗೆ ಸವಾಲು. ಚಿಕ್ಕವನಿದ್ದಾಗ ನೋಡಿದ್ದು ನೆನಪಿದೆ: ನಮ್ಮಪ್ಪ ಒಂದು ಕುಂಬಳಕಾಯಿಯನ್ನ ಸಂತೆಯ ರೇಟಿಗಿಂತ ನಾಲ್ಕು ಪಟ್ಟು ಕೊಟ್ಟು ಹಿಡಿದರು. ಹಿಡಿದು, ವಾಪಸ್ ಸಭೆಗೇ ಕೊಟ್ಟರು, ಮತ್ತೆ ಸವಾಲಿಗೆ ಇಡ್ರಿ ಅಂತ. ಆವತ್ತು ಆ ಕುಂಬಳಕಾಯಿ ಮೂರು ಸಲ ಮಾರಾಟವಾಯ್ತು. ಮನೆಗೆ ಬರಿಗೈಲಿ ಬಂದದ್ದಕ್ಕೆ ಅವ್ವ ಬೈದಳು, ನಗುತ್ತಲೇ ಬೈದಳು.

2022ರ ಹಬ್ಬಕ್ಕೆ ನಾನೂ ಹೋಗಿದ್ದೆ. ಹೊಸ ಪ್ಯಾಕೇಜ್ ಸಿಕ್ಕಿತ್ತು, ಜೇಬು ಗಟ್ಟಿಯಾಗಿತ್ತು. ದೇವಾಲಯದ ಚಾವಣಿ ದುರಸ್ತಿಗೆ ಯಾರು ಎಷ್ಟು ಕೊಡ್ತೀರಿ ಅಂತ ಕೇಳಿದಾಗ ಎದ್ದು ನಿಂತು 50,000 ರೂಪಾಯಿ ಅಂದೆ. ಚಪ್ಪಾಳೆ ಬಿತ್ತು. ನಿಜ ಹೇಳಬೇಕಂದ್ರೆ ಆ ಚಪ್ಪಾಳೆ ನನಗೆ ಬೇಕಾಗಿತ್ತು.

2023ರ ಫೆಬ್ರವರಿಯಲ್ಲಿ ಕೆಲಸ ಹೋಯ್ತು. ಹದಿನೈದು ನಿಮಿಷದ ಒಂದು ಕಾಲ್, ಅಷ್ಟೆ. ನಿಮ್ಮಲ್ಲಿ ಕೆಲವರಿಗೆ ಅದು ಗೊತ್ತಿದೆ, ವಿವರಿಸೋದು ಬೇಡ. ಫ್ಲ್ಯಾಟಿನ ಬಾಡಿಗೆ, ಮಗಳ ಶಾಲೆ ಫೀ, ಕಾರಿನ ಇಎಂಐ. ಊರಿನ ಸಭೆಯ ಖಜಾಂಚಿ ಕಾಕಾ ಎರಡು ಸಲ ಫೋನ್ ಮಾಡಿದರು, ನಾನು ಎತ್ತಲಿಲ್ಲ. ಭಾನುವಾರ ಇಲ್ಲಿನ ಕನ್ನಡ ಕೂಟಕ್ಕೆ ಹೋಗೋದನ್ನೂ ಬಿಟ್ಟೆ. ಕಾಣಿಕೆ ಚೀಲ ಮುಂದೆ ಬಂದರೆ ಏನು ಮಾಡೋದು ಅನ್ನುವ ಭಯ. ಈಗ ನೆನೆದರೆ ನಗು ಬರುತ್ತೆ.

ಮೂರನೇ ವಾರ ಮನೆ ಬಾಗಿಲು ಬಡಿದವರು ಕೂಟದ ಒಬ್ಬ ಸಹೋದರ. ಬೀದರ್ ಕಡೆಯವರು, ಒಂದು ಸೊಸೈಟಿಯಲ್ಲಿ ಸೆಕ್ಯುರಿಟಿ ಕೆಲಸ. ರಾತ್ರಿ ಪಾಳಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದಿದ್ದರು. ಕೈಯಲ್ಲಿ ಊರಿಂದ ತಂದ ತೊಗರಿಬೇಳೆ, ಐದು ಕೇಜಿ. ನನ್ನ ಬಾಡಿಗೆಯೇ ಅವರ ಸಂಬಳಕ್ಕಿಂತ ಜಾಸ್ತಿ. ಬೇಡ ಅಂದೆ. ಅವರು ಚೀಲ ಕೆಳಗಿಟ್ಟು, “ಅಣ್ಣಾ, ಪ್ರತಿ ಸಲ ನೀವೇ ಕೊಡ್ತೀರಿ. ಈ ಸಲ ನಮಗೂ ಒಂದ್ ಚಾನ್ಸ್ ಕೊಡ್ರಿ” ಅಂದರು.

ಆ ರಾತ್ರಿ ಕೊರಿಂಥದವರಿಗೆ ಪೌಲನು ಬರೆದ ಎರಡನೆಯ ಪತ್ರಿಕೆ ತೆಗೆದೆ, ಎಂಟು ಮತ್ತು ಒಂಬತ್ತನೆಯ ಅಧ್ಯಾಯ. ಎಷ್ಟೋ ಸಲ ಕೇಳಿದ ಭಾಗ. ಆದರೆ ಅವತ್ತು ಅದರಲ್ಲಿ ನಾನೇ ಕಂಡೆ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಪೌಲ ಹಣ ಕೂಡಿಸುತ್ತಿದ್ದ. ಕೊರಿಂಥದವರು ಹಿಂದಿನ ವರ್ಷವೇ ಉತ್ಸಾಹದಿಂದ ಒಪ್ಪಿಕೊಂಡಿದ್ದರು, ಆದರೆ ಮುಗಿಸಿರಲಿಲ್ಲ. ಕೊರಿಂಥ ಎಂಥ ಊರು ಗೊತ್ತಾ? ರೋಮನ್ನರು ಕ್ರಿ.ಪೂ. 146ರಲ್ಲಿ ನೆಲಸಮ ಮಾಡಿದ್ದನ್ನ ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಮತ್ತೆ ನೆಲೆ ಮಾಡಿಸಿದ. ಎರಡು ಬಂದರು, ಭಾರಿ ವ್ಯಾಪಾರ, ಹೊರಗಿನಿಂದ ಬಂದು ಮೇಲೆ ಬಂದ ಜನ. ನಮ್ಮ ಹಿಂಜವಡಿಯ ಹಾಗೇ ಅನ್ನಿ. ಇತ್ತ ಮಕೆದೋನ್ಯ, ಅಂದರೆ ಫಿಲಿಪ್ಪಿ, ಥೆಸಲೊನೀಕದ ಕಡೆಯ ಸಭೆಗಳು, ಕಡುಬಡತನದಲ್ಲಿದ್ದವು. ಅವರು ಕೊಟ್ಟರು. ಕೊಟ್ಟದ್ದಷ್ಟೇ ಅಲ್ಲ, ನಮ್ಮನ್ನೂ ಸೇರಿಸಿಕೊಳ್ಳಿ ಅಂತ ಪೌಲನನ್ನೇ ಬೇಡಿಕೊಂಡರು. ಅಲ್ಲಿ ಓದು ನಿಲ್ಲಿಸಿದೆ. ಅಡುಗೆಮನೆಯಲ್ಲಿ ಬೇಳೆಯ ಚೀಲ ಇತ್ತು.

ಆ ಎರಡು ಅಧ್ಯಾಯಗಳಲ್ಲಿ ಒಂದೇ ಗ್ರೀಕ್ ಪದ ಮತ್ತೆ ಮತ್ತೆ ಬರುತ್ತೆ: ಖಾರಿಸ್. ದೇವರ ಕೃಪೆಗೂ ಅದೇ ಪದ, ಈ ಕಾಣಿಕೆಗೂ ಅದೇ, ದೇವರಿಗೆ ಹೇಳುವ ಕೃತಜ್ಞತೆಗೂ ಅದೇ. ಪೌಲನಿಗೆ ಇವು ಮೂರು ಬೇರೆ ಅಲ್ಲ ಅಂತ ನನಗನ್ನಿಸುತ್ತೆ. ಐಶ್ವರ್ಯವಂತನಾಗಿದ್ದ ಕ್ರಿಸ್ತನು ನಮಗೋಸ್ಕರ ಬಡವನಾದ ಅನ್ನೋದು ಮೊದಲು. ನಾವು ಕೊಡೋದು ಅದರದೇ ಮುಂದುವರಿಕೆ. ನನಗೆ ತೆಗೆದುಕೊಳ್ಳೋಕೇ ಬರುತ್ತಿರಲಿಲ್ಲ. ಇಪ್ಪತ್ತು ವರ್ಷ ದಶಮಾಂಶ ಕೊಟ್ಟೆ, ಅಷ್ಟೂ ವರ್ಷ ಒಳಗೊಳಗೇ ನಾನು ಕೊಡುವ ಕಡೆಯವನು ಅಂತಲೇ ಅಂದುಕೊಂಡಿದ್ದೆ.

ಟೀವಿಯಲ್ಲಿ ಕೆಲವರು ಇದೇ ಒಂಬತ್ತನೆಯ ಅಧ್ಯಾಯ ಹಿಡಿದು, ಹಾಕಿದರೆ ಹತ್ತರಷ್ಟು ಬರುತ್ತೆ ಅಂತಾರೆ. ಅದು ಎಸ್‌ಐಪಿ, ಕಾಣಿಕೆ ಅಲ್ಲ. ಬಿತ್ತನೆಯ ಮಾತು ಅಲ್ಲಿ ಇದೆ, ಇಲ್ಲ ಅನ್ನಲ್ಲ. ಆದರೆ ಬೆಳೆ ಬರೋದು ಇನ್ನಷ್ಟು ಹಂಚೋಕೆ. ಪೌಲ ಕೊಡುವ ಉದಾಹರಣೆಯೂ ಮನ್ನದ್ದು: ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆ ಆಗಲಿಲ್ಲ. ಬೆಳಗಿನವರೆಗೆ ಇಟ್ಟುಕೊಂಡದ್ದರಲ್ಲಿ ಹುಳ ಬಿತ್ತು ಅಂತ ವಿಮೋಚನಕಾಂಡದಲ್ಲಿದೆ.

ಇನ್ನೊಂದು ಮಾತು ಅಲ್ಲಿದೆ, ನನ್ನಂಥ ಬಾಕಿದಾರರಿಗೆ. ಮನಸ್ಸಿದ್ದರೆ ಇರುವುದರ ಲೆಕ್ಕದಲ್ಲಿ ದೇವರು ಒಪ್ಪಿಕೊಳ್ತಾನೆ, ಇಲ್ಲದ್ದರ ಲೆಕ್ಕದಲ್ಲಿ ಅಲ್ಲ. ಮಾರನೇ ದಿನ ಕಾಕಾಗೆ ನಾನೇ ಫೋನ್ ಮಾಡಿದೆ. “ಕಾಕಾ, ನೌಕರಿ ಹೋಗೇತ್ರಿ. ಈಗ 2,000 ಅಷ್ಟೇ ಕಳಸ್ತೇನಿ” ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ತಮ್ಮಾ, ನಾ ಫೋನ್ ಮಾಡಿದ್ದು ರೊಕ್ಕಕ್ಕಲ್ಲೋ. ನಿಮ್ಮವ್ವ, ಮಗ ಯಾಕೋ ಸರಿಯಾಗಿ ಮಾತಾಡವಲ್ಲ ಅಂದ್ಲು. ಅದಕ್ಕ ಮಾಡಿದ್ದೆ” ಅಂದರು.

ಕೊರಿಂಥದ ಕಥೆ ಏನಾಯ್ತು ಅಂತ ಕೇಳ್ತೀರೇನೋ. ಮುಂದೆ ರೋಮಾಪುರದವರಿಗೆ ಬರೆದ ಪತ್ರಿಕೆಯ ಹದಿನೈದನೆಯ ಅಧ್ಯಾಯದಲ್ಲಿ ಒಂದು ಸಣ್ಣ ಮಾತು ಬರುತ್ತೆ. ಮಕೆದೋನ್ಯದವರ ಜೊತೆ ಅಖಾಯದವರೂ ಕೊಟ್ಟರು ಅಂತ. ಕೊರಿಂಥ ಅಖಾಯದಲ್ಲೇ ಇದ್ದದ್ದು. ಎಷ್ಟು ಕೂಡಿತು ಅನ್ನೋ ಮೊತ್ತ ಬೈಬಲಿನಲ್ಲಿ ಎಲ್ಲೂ ಬರೆದಿಲ್ಲ.

ನನಗೆ ಏಳು ತಿಂಗಳ ಮೇಲೆ ಕೆಲಸ ಸಿಕ್ಕಿತು, ಮೊದಲಿಗಿಂತ ಕಡಿಮೆ ಸಂಬಳಕ್ಕೆ. ಚಾವಣಿಯ ಕೆಲಸ ಅಷ್ಟರಲ್ಲಿ ಮುಗಿದಿತ್ತು, ನನ್ನ ಹಣಕ್ಕೆ ಯಾರೂ ಕಾದಿರಲಿಲ್ಲ. ಆದರೂ ತಿಂಗಳು ತಿಂಗಳು ಕಳಿಸುತ್ತಿದ್ದೇನೆ, ಇನ್ನೂ 14,000 ಇದೆ. ಕಾಕಾ ಪ್ರತಿ ಸಲ ಕೈಬರಹದ ಪಾವತಿಯ ಫೋಟೋ ವಾಟ್ಸಾಪಿನಲ್ಲಿ ಹಾಕ್ತಾರೆ. ಅದರಲ್ಲಿ ಬಾಕಿ ಅನ್ನೋ ಕಡೆ ಒಂದು ಗೆರೆ ಎಳೆದಿರ್ತಾರೆ, ಅಂಕಿ ಬರೆಯೋದಿಲ್ಲ.