ಡಿಕ್ಕಿ ಹೊಡೆದವನ ಪರವಾಗಿ ವಕೀಲರು ಯಾಕೆ ನಿಲ್ಲುತ್ತಾರೆ?

(ಕೆಂಗೇರಿಯಲ್ಲಿ ಸ್ವಸಹಾಯ ಸಂಘಗಳ ಸದಸ್ಯರು, ಯುವಜನರು ಹಾಗೂ ವಾಹನ ಚಾಲಕರಿಗಾಗಿ ನಡೆದ ಕಾನೂನು ಅರಿವು ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣದ ಬರಹರೂಪ)



ಇವತ್ತು ನನಗೆ ಕೊಟ್ಟಿರುವ ವಿಷಯ ಸ್ವಲ್ಪ ಕಷ್ಟದ್ದು. ಯಾಕೆಂದರೆ ಈ ವಿಷಯದಲ್ಲಿ ಜನರಿಗೆ ನಮ್ಮ ಮೇಲೆ, ಅಂದರೆ ವಕೀಲರ ಮೇಲೆ ಸಿಟ್ಟಿದೆ. ಆ ಸಿಟ್ಟು ಪೂರ್ತಿ ತಪ್ಪು ಅಂತಲೂ ನಾನು ಹೇಳಲಾರೆ.

2024ರ ನವೆಂಬರ್ ತಿಂಗಳ ಆರಂಭದಲ್ಲಿ ಇದೇ ನಮ್ಮ ಕೆಂಗೇರಿಯಲ್ಲಿ, ಬಸ್ ನಿಲ್ದಾಣದ ಹತ್ತಿರ ಮೈಸೂರು ರಸ್ತೆಯಲ್ಲಿ, ರಸ್ತೆ ದಾಟುತ್ತಿದ್ದ ಒಬ್ಬ ಹೆಣ್ಣುಮಗಳಿಗೆ ಕಾರು ಡಿಕ್ಕಿ ಹೊಡೆದು ಆಕೆ ತೀರಿಕೊಂಡರು. ಕಾರು ದುಬಾರಿಯದು, ಓಡಿಸುತ್ತಿದ್ದವನು ಚಿಕ್ಕ ವಯಸ್ಸಿನವನು. ಅವನು ಕುಡಿದಿದ್ದ ಎಂದು ಪೊಲೀಸರು ತಿಳಿಸಿದರು. ಸುದ್ದಿ ಟಿ.ವಿ.ಯಲ್ಲಿ ಬಂದ ಮೇಲೆ ನಮ್ಮ ಬೀದಿಯ ಒಬ್ಬ ತಾಯಿ ನನ್ನನ್ನು ನಿಲ್ಲಿಸಿ ಕೇಳಿದರು: “ಸಾರ್, ಇಂಥವನಿಗೂ ಒಬ್ಬ ವಕೀಲ ಸಿಗ್ತಾನಲ್ಲ, ಅವನಿಗೆ ರಾತ್ರಿ ನಿದ್ದೆ ಬರುತ್ತಾ?”

ಆ ಪ್ರಕರಣದಲ್ಲಿ ಯಾರು ತಪ್ಪಿತಸ್ಥರು ಎಂದು ಹೇಳುವುದು ನ್ಯಾಯಾಲಯದ ಕೆಲಸ, ನನ್ನದಲ್ಲ. ಆದರೆ ಆ ತಾಯಿಯ ಪ್ರಶ್ನೆಗೆ ನಾನು ಉತ್ತರ ಕೊಡಲೇಬೇಕು. ಅದಕ್ಕೇ ಇವತ್ತು ಬಂದಿದ್ದೇನೆ.

ಸಾವು ಒಂದೇ, ಕಲಂ ಬೇರೆ ಬೇರೆ

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ರಸ್ತೆಯಲ್ಲಿ ಒಂದು ಜೀವ ಹೋದರೆ ಹೋದದ್ದೇ. ಮನೆಯವರಿಗೆ ಯಾವ ಕಲಂ ಆದರೂ ನೋವು ಒಂದೇ. ಆದರೆ ಕಾನೂನು ಒಂದು ಪ್ರಶ್ನೆ ಕೇಳುತ್ತದೆ: ಓಡಿಸುತ್ತಿದ್ದವನ ಮನಸ್ಸಿನಲ್ಲಿ ಏನಿತ್ತು?

ಅಜಾಗರೂಕತೆಯಿಂದ ಅಥವಾ ದುಡುಕಿನಿಂದ ಸಾವು ಉಂಟಾದರೆ ಮೊದಲು ಐ.ಪಿ.ಸಿ. 304-ಎ ಇತ್ತು, ಹೆಚ್ಚೆಂದರೆ ಎರಡು ವರ್ಷ ಸಜೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 106(1)ನೇ ಕಲಂ ಪ್ರಕಾರ ಐದು ವರ್ಷದವರೆಗೆ ಸಜೆ ಮತ್ತು ದಂಡ. ಅದು ಜಾಮೀನು ಸಿಗುವ ಅಪರಾಧ. ಆದರೆ “ಹೀಗೆ ಮಾಡಿದರೆ ಯಾರಾದರೂ ಸಾಯಬಹುದು” ಎಂಬ ತಿಳಿವಳಿಕೆ ಇದ್ದೂ ಮಾಡಿದ ಅಂತ ಸಾಬೀತಾದರೆ ಅದು 105ನೇ ಕಲಂಗೆ ಹೋಗುತ್ತದೆ. ಅಲ್ಲಿ ಹತ್ತು ವರ್ಷದವರೆಗೆ ಶಿಕ್ಷೆ, ಸೆಷನ್ಸ್ ನ್ಯಾಯಾಲಯದಲ್ಲಿ ವಿಚಾರಣೆ, ಜಾಮೀನು ಸುಲಭವಲ್ಲ.

ಮುಂಬೈನ ಬಾಂದ್ರಾದಲ್ಲಿ 2006ರಲ್ಲಿ ಫುಟ್‌ಪಾತ್ ಮೇಲೆ ಮಲಗಿದ್ದ ಕೂಲಿಕಾರರ ಮೇಲೆ ಕಾರು ಹರಿದು ಏಳು ಜನ ಸತ್ತರು. ಕೆಳಗಿನ ನ್ಯಾಯಾಲಯ ಇದನ್ನು ಬರೀ ಅಜಾಗರೂಕತೆ ಎಂದು ಆರು ತಿಂಗಳು ಕೊಟ್ಟಿತು. ಹೈಕೋರ್ಟು ಅದನ್ನು ದೊಡ್ಡ ಅಪರಾಧ ಎಂದು ಮೂರು ವರ್ಷಕ್ಕೆ ಏರಿಸಿತು. 2012ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಘಟನೆ ಒಂದೇ, ಸಾಕ್ಷ್ಯ ಒಂದೇ. ಅದನ್ನು ಯಾವ ತಕ್ಕಡಿಯಲ್ಲಿ ತೂಗಬೇಕು ಅನ್ನುವುದೇ ವಾದ. ಆ ತಕ್ಕಡಿಯ ಒಂದು ತಟ್ಟೆಯಲ್ಲಿ ಸರ್ಕಾರಿ ಅಭಿಯೋಜಕರು ಕೂರುತ್ತಾರೆ. ಇನ್ನೊಂದು ತಟ್ಟೆ ಖಾಲಿ ಇದ್ದರೆ ತೂಕ ಹೇಗೆ ತಿಳಿಯುತ್ತದೆ ಹೇಳಿ?

ಆರೋಪಿಯ ವಕೀಲ ಮಾಡುವ ಕೆಲಸ

ಟಿ.ವಿ.ಯಲ್ಲಿ ಬರುವುದು ಶ್ರೀಮಂತರ ಮಕ್ಕಳ ಕೇಸು ಮಾತ್ರ. ಆದರೆ ಕೋರ್ಟಿನ ಆವರಣಕ್ಕೆ ಒಂದು ಬೆಳಿಗ್ಗೆ ಬಂದು ನೋಡಿ. ಸಾವಿನ ಕೇಸಿನಲ್ಲಿ ಆರೋಪಿಯಾಗಿ ನಿಂತವರಲ್ಲಿ ಹೆಚ್ಚಿನವರು ಯಾರು? ಟೆಂಪೊ ಓಡಿಸುವವರು, ನೀರಿನ ಟ್ಯಾಂಕರಿನವರು, ಆಟೊದವರು, ಲಾರಿಯವರು. ಇಲ್ಲಿ ಕೂತಿರುವ ನಿಮ್ಮ ಅಣ್ಣ ತಮ್ಮಂದಿರು, ನಿಮ್ಮ ಗಂಡಂದಿರು.

ಕೆಲವು ವರ್ಷಗಳ ಹಿಂದೆ ಅಂಥ ಒಬ್ಬ ಟೆಂಪೊ ಚಾಲಕ ನನ್ನ ಹತ್ತಿರ ಬಂದ. ಸಂಜೆ ಕತ್ತಲಾಗುವ ಹೊತ್ತು, ಡಿವೈಡರ್ ಸಂದಿಯಿಂದ ಒಬ್ಬರು ರಸ್ತೆಗೆ ಇಳಿದಿದ್ದರು, ಡಿಕ್ಕಿಯಾಗಿ ತೀರಿಹೋದರು. ಚಾಲಕ ಓಡಿಹೋಗಿರಲಿಲ್ಲ, ಗಾಯಾಳುವನ್ನು ತಾನೇ ಆಸ್ಪತ್ರೆಗೆ ಸಾಗಿಸಿದ್ದ. ಬಂದವನೇ “ಸಾರ್, ಒಪ್ಕೊಂಡುಬಿಡ್ತೀನಿ. ದಂಡ ಕಟ್ಟಿದ್ರೆ ಮುಗೀತು ಅಂತ ಹೇಳಿದ್ದಾರೆ” ಅಂದ. ಯಾರು ಹೇಳಿದರೋ ಗೊತ್ತಿಲ್ಲ. ಒಪ್ಪಿಕೊಂಡರೆ ಜೈಲೂ ಆಗಬಹುದು, ಲೈಸೆನ್ಸಿಗೂ ತೊಂದರೆ, ಮುಂದೆ ಯಾರೂ ಗಾಡಿ ಕೊಡುವುದಿಲ್ಲ ಎಂಬುದು ಅವನಿಗೆ ತಿಳಿದಿರಲಿಲ್ಲ. ಒಬ್ಬ ವಕೀಲನ ಮೊದಲ ಕೆಲಸ ಇದೇ: ಒಪ್ಪಿಕೊಳ್ಳುವುದು ಅಂದರೆ ಏನು, ಒಪ್ಪದಿದ್ದರೆ ಏನಾಗುತ್ತದೆ ಅಂತ ಅವನಿಗೆ ಅರ್ಥವಾಗುವ ಹಾಗೆ ಹೇಳುವುದು.

ಎರಡನೆಯ ಕೆಲಸ, ಕಾಗದಪತ್ರ ನೋಡುವುದು. ಎಫ್.ಐ.ಆರ್., ಸ್ಥಳ ಮಹಜರು, ನಕ್ಷೆ, ಮರಣೋತ್ತರ ಪರೀಕ್ಷೆ ವರದಿ, ಮೋಟಾರು ವಾಹನ ನಿರೀಕ್ಷಕರ ವರದಿ. ಬ್ರೇಕು ಸರಿ ಇತ್ತೇ? ಟೈರು ಉಜ್ಜಿದ ಗುರುತು ಎಲ್ಲಿಂದ ಎಲ್ಲಿಯವರೆಗೆ ಇತ್ತು? ದೀಪದ ಕಂಬ ಉರಿಯುತ್ತಿತ್ತೇ? ಕುಡಿದ ಆರೋಪ ಇದ್ದರೆ ರಕ್ತದ ಮಾದರಿ ಯಾವಾಗ ತೆಗೆದರು, ಯಾರ ಕೈಯಲ್ಲಿತ್ತು? ಮೋಟಾರು ವಾಹನ ಕಾಯ್ದೆಯಲ್ಲಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಎಂಬ ಮಿತಿ ಇದೆ. ವಾಸನೆ ಬರುತ್ತಿತ್ತು ಎಂಬ ಮಾತು ಆ ಲೆಕ್ಕಕ್ಕೆ ಸಾಲದು.

ಮೂರನೆಯದು, ಪಾಟಿ ಸವಾಲು. ನನ್ನ ಟೆಂಪೊ ಚಾಲಕನ ಕೇಸಿನಲ್ಲಿ ಪ್ರತ್ಯಕ್ಷ ಸಾಕ್ಷಿ “ಅತಿ ವೇಗವಾಗಿ ಬಂದು ಗುದ್ದಿದ” ಎಂದು ಹೇಳಿದ. ನಾನು ಕೇಳಿದ್ದು ಇಷ್ಟೇ: “ನೀವು ಮೊದಲು ನೋಡಿದ್ದು ಟೆಂಪೊವನ್ನೋ, ಕೇಳಿದ್ದು ಶಬ್ದವನ್ನೋ?” ಆತ ಪ್ರಾಮಾಣಿಕ ಮನುಷ್ಯ. “ಶಬ್ದ ಕೇಳಿ ತಿರುಗಿ ನೋಡ್ದೆ ಸಾರ್” ಅಂದ. ಅಲ್ಲಿಗೆ ವೇಗದ ಮಾತು ನಿಲ್ಲಲಿಲ್ಲ. ಇದು ಮೋಸವಲ್ಲ. ಸಾಕ್ಷಿ ನಿಜವಾಗಿ ಕಂಡದ್ದೆಷ್ಟು, ಆಮೇಲೆ ಊಹಿಸಿಕೊಂಡದ್ದೆಷ್ಟು ಅಂತ ಬೇರ್ಪಡಿಸುವುದು, ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ.

ವೇಗದ ವಿಷಯದಲ್ಲಿ ನಮ್ಮ ರಾಜ್ಯದ್ದೇ ಒಂದು ತೀರ್ಪಿದೆ. ಕರ್ನಾಟಕ ರಾಜ್ಯ ವಿರುದ್ಧ ಸತೀಶ್, 1998. ಲಾರಿಯೊಂದು ಮಗುಚಿ ಬಹಳ ಜನ ಸತ್ತಿದ್ದರು. ಕೆಳಗಿನ ನ್ಯಾಯಾಲಯ ಶಿಕ್ಷೆ ಕೊಟ್ಟಿತ್ತು, ಹೈಕೋರ್ಟು ಬಿಡುಗಡೆ ಮಾಡಿತು. ಸುಪ್ರೀಂ ಕೋರ್ಟು ಆ ಬಿಡುಗಡೆಯನ್ನು ಒಪ್ಪಿತು. “ಜೋರಾಗಿ ಬಂದ” ಎಂದು ಸಾಕ್ಷಿಗಳು ಹೇಳಿದ ಮಾತ್ರಕ್ಕೆ ಅಜಾಗರೂಕತೆ ಸಾಬೀತಾಗದು, ಜೋರು ಅಂದರೆ ಎಷ್ಟು, ಆ ರಸ್ತೆಗೆ ಅದು ಹೆಚ್ಚೇ ಎಂದು ಸರ್ಕಾರದ ಕಡೆಯವರೇ ತೋರಿಸಬೇಕು ಎಂಬುದು ಅದರ ಸಾರ. ಎಷ್ಟು ಜನ ಸತ್ತರು ಎಂಬುದರಿಂದ ಚಾಲಕನ ತಪ್ಪನ್ನು ಅಳೆಯಲಾಗದು.

ಹಾಗಂತ ನ್ಯಾಯಾಲಯಗಳು ಮೃದು ಎಂದು ತಿಳಿಯಬೇಡಿ. 2002ರಲ್ಲಿ ಕರ್ನಾಟಕದ್ದೇ ಇನ್ನೊಂದು ಪ್ರಕರಣದಲ್ಲಿ ತಪ್ಪು ಸಾಬೀತಾಗಿದ್ದರೂ ಹೈಕೋರ್ಟು ಬರೀ ದಂಡಕ್ಕೆ ಇಳಿಸಿದಾಗ ಸುಪ್ರೀಂ ಕೋರ್ಟು ಅದನ್ನು ಒಪ್ಪದೆ ಜೈಲು ಶಿಕ್ಷೆಯನ್ನು ಮತ್ತೆ ಜಾರಿಗೆ ತಂದಿತು. ತಪ್ಪು ಸಾಬೀತಾದ ಮೇಲೆ ಹಗುರವಾಗಿ ಬಿಡಬಾರದು ಎಂಬುದು ಕಾನೂನಿನ ನಿಲುವು.

ವಕೀಲ ಮಾಡಬಾರದ ಕೆಲಸ

ಈಗ ಆ ತಾಯಿಯ ಸಿಟ್ಟಿನಲ್ಲಿರುವ ನಿಜಕ್ಕೆ ಬರುತ್ತೇನೆ. 1999ರ ಜನವರಿಯಲ್ಲಿ ದೆಹಲಿಯಲ್ಲಿ ಬಿ.ಎಂ.ಡಬ್ಲ್ಯು. ಕಾರು ಹರಿದು ಆರು ಜನ ಸತ್ತರು, ಅವರಲ್ಲಿ ಮೂವರು ಪೊಲೀಸರು. ಆ ವಿಚಾರಣೆ ನಡೆಯುತ್ತಿದ್ದಾಗ, 2007ರಲ್ಲಿ, ಆರೋಪಿಯ ಪರ ಇದ್ದ ಹಿರಿಯ ವಕೀಲರು ಸಾಕ್ಷಿಯ ಜೊತೆ ನಡೆಸಿದ ವ್ಯವಹಾರ ಟಿ.ವಿ.ಯ ಗುಪ್ತ ಕ್ಯಾಮೆರಾದಲ್ಲಿ ಬಯಲಾಯಿತು. 2008ರಲ್ಲಿ ದೆಹಲಿ ಹೈಕೋರ್ಟು ಅವರನ್ನು ನ್ಯಾಯಾಂಗ ನಿಂದನೆಗಾಗಿ ತಪ್ಪಿತಸ್ಥರೆಂದು ಹೇಳಿ ನಾಲ್ಕು ತಿಂಗಳು ವಕೀಲಿಕೆ ನಿಲ್ಲಿಸಿತು. 2009ರಲ್ಲಿ ಸುಪ್ರೀಂ ಕೋರ್ಟು ಅವರು ತಪ್ಪಿತಸ್ಥರೆಂಬ ತೀರ್ಮಾನವನ್ನು ಖಾಯಂ ಮಾಡಿತು. ಸಾಕ್ಷಿಯನ್ನು ಪ್ರಶ್ನಿಸುವುದು ವಕೀಲಿಕೆ, ಸಾಕ್ಷಿಯನ್ನು ಕೊಳ್ಳುವುದು ಅಪರಾಧ. ನಡುವಿನ ಗೆರೆ ಇಷ್ಟು ಸ್ಪಷ್ಟ.

ನಮ್ಮೂರಿನಲ್ಲಿ ಆ ಗೆರೆ ದಾಟಿಸಲು ಬರುವವರು ಬೇರೆ ರೀತಿಯಲ್ಲಿ ಬರುತ್ತಾರೆ. ಒಬ್ಬ ಮಾಲೀಕ ನನ್ನ ಬಳಿ ಬಂದ. ಗಾಡಿ ಓಡಿಸಿದ್ದು ಅವನ ಮಗ, ಲೈಸೆನ್ಸ್ ಇಲ್ಲ. “ಇವನೇ ಓಡಿಸಿದ್ದು ಅಂತ ಹಾಜರು ಮಾಡ್ಸಿ ಸಾರ್” ಎಂದು ಒಬ್ಬ ಬಡ ಡ್ರೈವರನ್ನು ಜೊತೆಯಲ್ಲಿ ಕರೆತಂದಿದ್ದ. ಆ ಡ್ರೈವರ್ ತಲೆ ತಗ್ಗಿಸಿ ನಿಂತಿದ್ದ, ಮನೆಯಲ್ಲಿ ಸಾಲ ಇದೆ ಅಂದ. ನಾನು ಆ ಕೇಸು ಮುಟ್ಟಲಿಲ್ಲ. ಡ್ರೈವರನ್ನು ಪಕ್ಕಕ್ಕೆ ಕರೆದು ಹೇಳಿದೆ: “ಐದು ವರ್ಷದ ಶಿಕ್ಷೆಯ ಕೇಸನ್ನು ಐವತ್ತು ಸಾವಿರಕ್ಕೆ ತಲೆ ಮೇಲೆ ಹೊತ್ಕೋಬೇಡ. ನಿನ್ನ ಮಕ್ಕಳಿಗೆ ಅಪ್ಪ ಕೊಲೆಗಾರ ಅನ್ನೋ ಹೆಸರು ಉಳಿಯುತ್ತೆ.” ಅವನು ಆಮೇಲೆ ಏನು ಮಾಡಿದನೋ ತಿಳಿಯಲಿಲ್ಲ. ಆ ಮುಖ ಮಾತ್ರ ಮರೆತಿಲ್ಲ. ಮಾಲೀಕರೂ ತಿಳಿದಿರಲಿ: ಹದಿನೆಂಟು ತುಂಬದ ಮಕ್ಕಳ ಕೈಗೆ ಗಾಡಿ ಕೊಟ್ಟು ಅಪರಾಧವಾದರೆ ಪೋಷಕರಿಗೆ ಅಥವಾ ಮಾಲೀಕರಿಗೇ ಮೂರು ವರ್ಷದವರೆಗೆ ಸಜೆ ಇದೆ.

“ಕಕ್ಷಿದಾರನೇ ತಪ್ಪು ಮಾಡಿದ್ದೀನಿ ಅಂತ ನಿಮ್ಮ ಕಿವಿಯಲ್ಲಿ ಹೇಳಿದರೆ?” ಎಂದು ಕೇಳುತ್ತೀರಿ. ಆ ಮಾತನ್ನು ನಾನು ಹೊರಗೆ ಹೇಳುವಂತಿಲ್ಲ. ಆದರೆ ಅವನು ಗಾಡಿಯಲ್ಲೇ ಇರಲಿಲ್ಲ ಎಂದು ಸುಳ್ಳು ಸಾಕ್ಷಿ ತರುವಂತೆಯೂ ಇಲ್ಲ. ಸರ್ಕಾರದ ಸಾಕ್ಷ್ಯ ಸಾಕಷ್ಟಿದೆಯೇ ಎಂದು ಪರೀಕ್ಷಿಸಬಹುದು. ಶಿಕ್ಷೆ ಆಗುವುದಾದರೆ ಅವನ ವಯಸ್ಸು, ಸಂಸಾರ, ಗಾಯಾಳುವಿಗೆ ಮಾಡಿದ ಸಹಾಯ ಎಲ್ಲವನ್ನೂ ನ್ಯಾಯಾಧೀಶರ ಮುಂದೆ ಇಡಬಹುದು. ತೀರ್ಪು ಕೊಡುವುದು ನಾನಲ್ಲ. ನಾನೇ ಕಚೇರಿಯಲ್ಲಿ ಕೂತು ತೀರ್ಪು ಕೊಟ್ಟುಬಿಟ್ಟರೆ ನ್ಯಾಯಾಲಯ ಯಾಕೆ ಬೇಕು? ಬಂಧಿತನಿಗೆ ತನ್ನ ಆಯ್ಕೆಯ ವಕೀಲನ ಹಕ್ಕನ್ನು ಸಂವಿಧಾನದ 22ನೇ ವಿಧಿ ಕೊಟ್ಟಿದೆ. ಇಂಥವರ ಪರ ಯಾರೂ ವಾದಿಸಬಾರದು ಎಂದು ವಕೀಲರ ಸಂಘಗಳು ನಿರ್ಣಯ ಮಾಡುವುದೇ ತಪ್ಪು ಎಂದು 2010ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ತೀರಿಹೋದವರ ಮನೆಯವರು

ನನ್ನ ಟೆಂಪೊ ಚಾಲಕ ಬಿಡುಗಡೆಯಾದ ದಿನ ಸಂತೋಷದಿಂದ ಹೊರಗೆ ಬಂದೆ. ವರಾಂಡದಲ್ಲಿ ತೀರಿಹೋದವರ ಹೆಂಡತಿ ನಿಂತಿದ್ದರು. “ಅವನನ್ನ ನೀವು ಬಿಡಿಸಿದ್ರಿ. ನಮ್ಮ ಪಾಡು ಯಾರು ನೋಡ್ತಾರೆ?” ಅಂದರು. ನನ್ನ ಹತ್ತಿರ ಮಾತಿರಲಿಲ್ಲ. ಆಮೇಲೆ ಗೊತ್ತಾಯಿತು, ಆಕೆಯ ಭಯ ಬೇರೆಯೇ ಇತ್ತು. ಚಾಲಕ ಬಿಡುಗಡೆಯಾದರೆ ಪರಿಹಾರದ ಅರ್ಜಿಯೂ ಬಿದ್ದುಹೋಯಿತು ಎಂದು ಯಾರೋ ಹೇಳಿದ್ದರು. ಅದು ನಿಜವಲ್ಲ, ಅಷ್ಟನ್ನು ನಾನು ಹೇಳಿದೆ. ಕ್ರಿಮಿನಲ್ ಕೇಸಿನಲ್ಲಿ ಸಂಶಯಕ್ಕೆ ಎಡೆ ಇಲ್ಲದಂತೆ ಸಾಬೀತಾಗಬೇಕು. ಪರಿಹಾರದ ನ್ಯಾಯಮಂಡಳಿಯಲ್ಲಿ ಯಾವುದು ಹೆಚ್ಚು ಸಂಭವ ಎಂದು ನೋಡುತ್ತಾರೆ. ಒಂದರಲ್ಲಿ ಬಿಡುಗಡೆಯಾದರೂ ಇನ್ನೊಂದರಲ್ಲಿ ಪರಿಹಾರ ಸಿಗಬಹುದು. ಎಷ್ಟೋ ವರ್ಷ ಆಕೆ ಆ ಸುಳ್ಳು ಭಯದಲ್ಲಿ ಬದುಕಿದ್ದರು.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅಷ್ಟೂ ಮನೆಗಳಲ್ಲಿ ಇಂಥ ಒಬ್ಬರು ಇರುತ್ತಾರೆ. ಆದ್ದರಿಂದ ಇಲ್ಲಿರುವ ಎರಡೂ ಕಡೆಯವರಿಗೆ ಕೆಲವು ಮಾತು ಹೇಳಿ ಮುಗಿಸುತ್ತೇನೆ.

ನೆನಪಿನಲ್ಲಿ ಇಡಿ

1. ಚಾಲಕರೇ, ಅಪಘಾತವಾದರೆ ಓಡಬೇಡಿ. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ನಿಮ್ಮ ಕರ್ತವ್ಯ. ಜನ ಹೊಡೆಯಲು ಬಂದರೆ ಹತ್ತಿರದ ಪೊಲೀಸ್ ಠಾಣೆಗೆ ಹೋಗಿ. ಹೇಗಿದ್ದರೂ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು.

2. ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ವಕೀಲರನ್ನು ಕೇಳದೆ ತಪ್ಪೊಪ್ಪಿಗೆ ಕೊಡಬೇಡಿ. ಇನ್ನೊಬ್ಬರ ತಪ್ಪನ್ನು ಹಣಕ್ಕಾಗಿ ಹೊರಬೇಡಿ.

3. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಉಚಿತ ಕಾನೂನು ನೆರವು ಕೇಳಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯದ ಮಿತಿ ಇಲ್ಲ. ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಬೆಂಗಳೂರಿನ ನ್ಯಾಯ ದೇಗುಲದಲ್ಲಿದೆ. ಸಹಾಯವಾಣಿ 15100.

4. ಮನೆಯವರನ್ನು ಕಳೆದುಕೊಂಡವರು ಕ್ರಿಮಿನಲ್ ಕೇಸು ಮುಗಿಯಲಿ ಎಂದು ಕಾಯಬೇಡಿ. ಅಪಘಾತವಾದ ಆರು ತಿಂಗಳೊಳಗೆ ಪರಿಹಾರದ ಅರ್ಜಿ ಹಾಕಿಬಿಡಿ. ಗಾಡಿ ಯಾವುದೆಂದೇ ತಿಳಿಯದಿದ್ದರೂ, ಗುದ್ದಿ ಓಡಿದ ಪ್ರಕರಣಗಳಲ್ಲಿ ಸಾವಿಗೆ ಎರಡು ಲಕ್ಷ ರೂಪಾಯಿ ಪರಿಹಾರವಿದೆ.

5. ದಾರಿಹೋಕರೇ, ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದರೆ ನಿಮಗೆ ಕೋರ್ಟು ಕಚೇರಿ ಅಲೆದಾಟ ಬರುತ್ತದೆ ಎಂದು ಹೆದರಬೇಡಿ. ಸಹಾಯ ಮಾಡಿದವರಿಗೆ ಕಾನೂನಿನ ರಕ್ಷಣೆ ಇದೆ.

ಕೊನೆಯದಾಗಿ ಆ ತಾಯಿಯ ಪ್ರಶ್ನೆ: ಆರೋಪಿಯ ವಕೀಲನಿಗೆ ನಿದ್ದೆ ಬರುತ್ತಾ? ಸಾಕ್ಷಿಯನ್ನು ಕೊಂಡಿದ್ದರೆ ಬರಬಾರದು. ಬಡ ಡ್ರೈವರನ್ನು ಬಲಿ ಕೊಟ್ಟಿದ್ದರೆ ಬರಬಾರದು. ಆದರೆ ನ್ಯಾಯಾಧೀಶರ ಮುಂದೆ ಪೂರ್ತಿ ವಿಷಯ ಬರುವ ಹಾಗೆ ನೆಟ್ಟಗೆ ಕೆಲಸ ಮಾಡಿದ್ದರೆ, ಕೇಸು ಗೆದ್ದರೂ ಸೋತರೂ, ಬರುತ್ತದೆ. ಆದರೂ ಕೆಲವು ರಾತ್ರಿ ವರಾಂಡದಲ್ಲಿ ನಿಂತಿದ್ದ ಆ ಹೆಂಗಸು ನೆನಪಾಗುತ್ತಾರೆ. ಅದೂ ಇರಬೇಕು ಅಂತಲೇ ನನ್ನ ಅನಿಸಿಕೆ.

 ಹೋಗುವಾಗ ಮೈಸೂರು ರಸ್ತೆ ದಾಟಬೇಕಲ್ಲವೇ, ನಿಧಾನವಾಗಿ ನೋಡಿಕೊಂಡು ದಾಟಿ.