ದಾರಿ ತಪ್ಪಿದ ಹಣ
(ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಶಿಕ್ಷಣ ಕಾರ್ಯಕ್ರಮದಲ್ಲಿ ಮಾಡಿದ ಭಾಷಣ)



ಬೆಳ್ಳಿಹಬ್ಬದ ದಿನ ಸಂಘದ ಸಾಧನೆಗಳನ್ನು ಹೇಳಿಕೊಳ್ಳುವುದು ವಾಡಿಕೆ. ಅದೆಲ್ಲ ವರದಿಯಲ್ಲಿ ಬಂದಿದೆ. ಸಂಘದ ಲೆಕ್ಕಪತ್ರ ನೋಡುವ ನಾವು ಇಂದು ನಮ್ಮದೇ ಒಂದು ತಪ್ಪನ್ನು ನಿಮ್ಮ ಮುಂದೆ ಇಡಲು ನಿಂತಿದ್ದೇವೆ. ಎರಡೇ ಅಂಕಿಯ ತಪ್ಪು. ಆದರೆ ಅದರಿಂದ ಕಲಿತದ್ದು ಬಹಳ.

ಕೆಲವು ವರ್ಷಗಳ ಹಿಂದಿನ ಮಾತು. ದಿನಾ ಎರಡು ಹೊತ್ತೂ ತಪ್ಪದೆ ಹಾಲು ಹಾಕುವ ಒಬ್ಬ ತಾಯಿ ಹೊಸ ಬ್ಯಾಂಕ್ ಖಾತೆಯ ಜೆರಾಕ್ಸ್ ತಂದುಕೊಟ್ಟರು. ಪ್ರತಿ ಮಸುಕಾಗಿತ್ತು. ಅದರಲ್ಲಿ 61 ಎಂದಿದ್ದ ಕಡೆ ನಾವು 16 ಎಂದು ಬರೆದುಕೊಂಡೆವು. ಎರಡು ಬಟವಾಡೆಯ ಹಣ, ಒಟ್ಟು 4,860 ರೂಪಾಯಿ, ಯಾರದೋ ಖಾತೆಗೆ ಹೋಯಿತು. ಆ ತಾಯಿ ಎರಡು ಬಟವಾಡೆ ಕಳೆಯುವವರೆಗೂ ಬಾಯಿ ಬಿಡಲಿಲ್ಲ. ಅಂಗಡಿಯಲ್ಲಿ ಸಾಲ ಹೇಳಿ ಹಿಂಡಿ, ಬೂಸಾ ತಂದು ಹಸು ಸಾಕಿದರು. ಕೊನೆಗೆ ಬಂದು, "ನಮ್ಮ ಹಾಲಿನಲ್ಲಿ ಫ್ಯಾಟು ಕಮ್ಮಿ ಬಂತೇನಪ್ಪಾ, ದುಡ್ಡೇ ಹಾಕ್ಲಿಲ್ವಲ್ಲ" ಅಂದರು. ತಪ್ಪು ನಮ್ಮದು, ಸಂಕೋಚ ಅವರದು! ಆ ಮಾತು ಇಂದಿಗೂ ನಮಗೆ ಚುಚ್ಚುತ್ತದೆ.

ಪಟ್ಟಿಯಲ್ಲಿ ಅವರ ಹೆಸರು ಸರಿಯಾಗಿತ್ತು. ಹಾಗಿದ್ದರೂ ಹಣ ಬೇರೆಯವರಿಗೆ ಹೇಗೆ ಹೋಯಿತು ಅಂತ ನೀವು ಕೇಳಬಹುದು. ನಾವೂ ಬ್ಯಾಂಕಿನಲ್ಲಿ ಇದನ್ನೇ ಕೇಳಿದೆವು. ರಿಸರ್ವ್ ಬ್ಯಾಂಕು 2010ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಎಲೆಕ್ಟ್ರಾನಿಕ್ ಪಾವತಿಯಲ್ಲಿ ಖಾತೆ ಸಂಖ್ಯೆಯೊಂದನ್ನೇ ನೋಡಿ ಹಣ ಜಮಾ ಮಾಡಬಹುದು. ಸರಿಯಾದ ಸಂಖ್ಯೆ ಕೊಡುವ ಹೊಣೆ ಹಣ ಕಳಿಸುವವರದು. ಆ ಸಂಖ್ಯೆಯ ಖಾತೆಯೇ ಇಲ್ಲದಿದ್ದರೆ ಹಣ ತಾನಾಗಿ ಹಿಂದಕ್ಕೆ ಬರುತ್ತದೆ. ಇದ್ದರೆ ಮಾತ್ರ ಕಷ್ಟ. ನಮ್ಮ ದುರದೃಷ್ಟಕ್ಕೆ ಅಂಥ ಖಾತೆ ಇತ್ತು.

ಎರಡನೆಯ ಪಾಠವೂ ಅಲ್ಲೇ ಆಯಿತು. "ಆ ಖಾತೆಯಿಂದ ವಾಪಸ್ ತೆಗೆದುಕೊಡಿ ಸ್ವಾಮಿ" ಅಂದೆವು. ಖಾತೆದಾರರ ಒಪ್ಪಿಗೆ ಇಲ್ಲದೆ ಮುಟ್ಟುವಂತಿಲ್ಲ ಅಂದರು. ಹೆಸರು, ಫೋನ್ ನಂಬರ್ ಕೇಳಿದೆವು. ಗ್ರಾಹಕರ ಗುಟ್ಟು, ಕೊಡುವಂತಿಲ್ಲ ಅಂದರು. ಆಗ ಸಿಟ್ಟು ಬಂದದ್ದು ನಿಜ. ಆದರೆ ಯಾರೋ ಬಂದು ತಪ್ಪಾಗಿ ಹಾಕಿದೆ ಎಂದ ಮಾತ್ರಕ್ಕೆ ನಮ್ಮ ಖಾತೆಯಿಂದ ಹಣ ತೆಗೆದುಕೊಟ್ಟರೆ ನಾವು ಒಪ್ಪುತ್ತೇವೆಯೇ?

ಹಾಗಾದರೆ ಮಾಡಬೇಕಾದ್ದೇನು? ಗೊತ್ತಾದ ದಿನವೇ ನಿಮ್ಮ ಬ್ಯಾಂಕ್ ಶಾಖೆಗೆ ಹೋಗಿ. ಬಾಯಿಮಾತು ಸಾಲದು, ಅರ್ಜಿ ಬರೆದು ಕೊಡಿ. ಕಳಿಸಿದ ದಿನಾಂಕ, ಮೊತ್ತ, ಯುಟಿಆರ್ ಎನ್ನುವ ವಹಿವಾಟಿನ ಸಂಖ್ಯೆ, ತಪ್ಪಾಗಿ ಬರೆದ ಖಾತೆ ಸಂಖ್ಯೆ, ಸರಿಯಾದ ಸಂಖ್ಯೆ ಇವಿಷ್ಟೂ ಅದರಲ್ಲಿರಲಿ. ಇನ್ನೊಂದು ಪ್ರತಿಗೆ ಸೀಲು ಹಾಕಿಸಿ ಇಟ್ಟುಕೊಳ್ಳಿ. ಮೊಬೈಲಿನ ಯುಪಿಐನಲ್ಲಿ ಕಳಿಸಿದ್ದರೆ ಅದೇ ಆ್ಯಪಿನಲ್ಲಿ ದೂರು ದಾಖಲಿಸಿ, ಬ್ಯಾಂಕಿಗೂ ತಿಳಿಸಿ. ನಿಮ್ಮ ಬ್ಯಾಂಕು ಆ ಬ್ಯಾಂಕಿಗೆ ಬರೆಯುತ್ತದೆ, ಆ ಬ್ಯಾಂಕು ತನ್ನ ಗ್ರಾಹಕರನ್ನು ಕೇಳುತ್ತದೆ, ಅವರು ಒಪ್ಪಿದರೆ ಹಣ ಹಿಂತಿರುಗುತ್ತದೆ. ತಡ ಮಾಡಿದಷ್ಟೂ ಆ ಹಣ ಖರ್ಚಾಗಿಹೋಗುವ ಭಯ.

ಬ್ಯಾಂಕು 30 ದಿನವಾದರೂ ಉತ್ತರಿಸದಿದ್ದರೆ, ಅಥವಾ ಸರಿಯಾದ ಉತ್ತರ ಕೊಡದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ. 14448ಕ್ಕೆ ಫೋನ್ ಮಾಡಿದರೆ ಮಾಹಿತಿ ಸಿಗುತ್ತದೆ. ಆದರೆ ಅವರು ನೋಡುವುದು ಬ್ಯಾಂಕಿನ ಸೇವೆಯಲ್ಲಿ ಲೋಪವಾಗಿದೆಯೇ ಎಂಬುದನ್ನು. ಹಣ ಪಡೆದವರೇ ಕೊಡೋದಿಲ್ಲ ಅಂದರೆ ದಾರಿ ಬೇರೆ.

ಆ ದಾರಿಯೂ ಉಂಟು. 1872ರ ಭಾರತೀಯ ಕರಾರು ಕಾಯ್ದೆಯ 72ನೇ ಕಲಮು, ತಪ್ಪಿನಿಂದ ಬಂದ ಹಣವನ್ನು ಪಡೆದವರು ಹಿಂದಿರುಗಿಸಲೇಬೇಕು ಎನ್ನುತ್ತದೆ. ವಕೀಲರಿಂದ ನೋಟೀಸು ಕೊಡಿಸಬಹುದು, ಮೂರು ವರ್ಷದೊಳಗೆ ಸಿವಿಲ್ ದಾವೆ ಹೂಡಬಹುದು. ಗೊತ್ತಿದ್ದೂ ಅಪ್ರಾಮಾಣಿಕವಾಗಿ ನುಂಗಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮಿನಡಿ ಅಪರಾಧ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ಕಾನೂನು ನೆರವೂ ಇದೆ.

ಕಾನೂನಿನ ಮಾತು ದೊಡ್ಡದಾಯಿತು ಅನ್ನಬೇಡಿ. ನಮಗೆಲ್ಲ ಗೊತ್ತಿರುವ ನ್ಯಾಯವೇ ಇದು. ಮೇಯಲು ಹೋದ ಹಸು ಸಂಜೆ ದಾರಿ ತಪ್ಪಿ ಬೇರೆಯವರ ಕೊಟ್ಟಿಗೆಗೆ ನುಗ್ಗಿದರೆ ಅದು ಅವರದಾಗುತ್ತದೆಯೇ? ಒಂದು ಹಿಡಿ ಹುಲ್ಲು ಹಾಕಿ, "ಯಾರದಪ್ಪಾ ಹಸು?" ಅಂತ ಊರಲ್ಲಿ ಕೇಳುತ್ತೇವೆ. ಹಣವೂ ಹಾಗೆಯೇ.

ನಮ್ಮ ಪ್ರಕರಣದಲ್ಲಿ ಹಣ ಹೋಗಿದ್ದು ಪಕ್ಕದ ತಾಲ್ಲೂಕಿನ ಒಬ್ಬ ರೈತರಿಗೆ. ಸರ್ಕಾರದ ಯಾವುದೋ ಸಹಾಯಧನ ಅಂದುಕೊಂಡು ಅವರು ಗೊಬ್ಬರ ತಂದುಬಿಟ್ಟಿದ್ದರು. ಬ್ಯಾಂಕಿನವರು ವಿಷಯ ತಿಳಿಸಿದ ಮೇಲೆ ಎರಡು ಕಂತಿನಲ್ಲಿ ಪೂರ್ತಿ ಹಣ ಕಟ್ಟಿದರು. ಅಷ್ಟರಲ್ಲಿ ನಮ್ಮ ಆಡಳಿತ ಮಂಡಳಿ ಸಭೆ ಸೇರಿ, ನಮ್ಮ ಸಂಬಳದಿಂದಲೇ ಆ ತಾಯಿಗೆ 4,860 ರೂಪಾಯಿ ಮುಂಗಡ ಕೊಡಿಸಿತ್ತು. ಸರಿಯಾದ ತೀರ್ಮಾನವೇ. ತಪ್ಪು ಮಾಡಿದವರು ನಾವಾದಾಗ ಹಾಲು ಹಾಕಿದವರು ಯಾಕೆ ಕಾಯಬೇಕು?

ಇನ್ನೆರಡು ಎಚ್ಚರಿಕೆಯ ಮಾತು. ನಿಮ್ಮ ಖಾತೆಗೆ ಗೊತ್ತಿಲ್ಲದ ಹಣ ಬಂದರೆ ಖರ್ಚು ಮಾಡಬೇಡಿ, ಬ್ಯಾಂಕಿಗೆ ತಿಳಿಸಿ. ಯಾರಾದರೂ ಫೋನ್ ಮಾಡಿ, "ಅಣ್ಣಾ, ತಪ್ಪಿ ಹಾಕ್ಬಿಟ್ಟಿದೀನಿ, ಈ ನಂಬರಿಗೆ ಕಳಿಸಿ" ಅಂದರೆ ನೀವಾಗಿ ಕಳಿಸಬೇಡಿ. ಬಂದಿದೆ ಎನ್ನುವ ಮೆಸೇಜೇ ಸುಳ್ಳಿರಬಹುದು. ಬ್ಯಾಂಕಿನ ಮೂಲಕವೇ ಹಿಂದಿರುಗಿಸಿ. ಯಾರಾದರೂ ಮೋಸದಿಂದ ಹಣ ಹಾಕಿಸಿಕೊಂಡಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಅದು ವಂಚನೆಗೆ ಇರುವ ಸಹಾಯವಾಣಿ, ನಮ್ಮ ಕೈತಪ್ಪಿಗೆ ಅಲ್ಲ.

ಹಣ ಹೋದ ಮೇಲೆ ಅಲೆಯುವುದಕ್ಕಿಂತ ಹೋಗುವ ಮುಂಚೆ ನೋಡುವುದು ಸುಲಭ. ನೆಫ್ಟ್ ಮತ್ತು ಆರ್‌ಟಿಜಿಎಸ್ ಮೂಲಕ ಹಣ ಕಳಿಸುವ ಮುಂಚೆ ಖಾತೆದಾರರ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡುವಂತೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಹೇಳಿತು. ಶಾಖೆಗೆ ಹೋದವರೂ ಕೇಳಬಹುದು, ಶುಲ್ಕವಿಲ್ಲ. ಯುಪಿಐನಲ್ಲೂ ಪಿನ್ ಒತ್ತುವ ಮುಂಚೆ ಹೆಸರು ಕಾಣುತ್ತದೆ. ಅವಸರ ಬೇಡ, ಓದಿ. ದೊಡ್ಡ ಮೊತ್ತವಾದರೆ ಮೊದಲು ಒಂದು ರೂಪಾಯಿ ಕಳಿಸಿ, ಬಂತೇ ಎಂದು ಕೇಳಿ. ಹಳೆಯ ಪಾಸ್ ಪುಸ್ತಕದ ಜೆರಾಕ್ಸ್ ಕೊಡಬೇಡಿ. ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಅವುಗಳ ಹಳೆಯ ಐಎಫ್‌ಎಸ್‌ಸಿ ಈಗ ಉಪಯೋಗಕ್ಕೆ ಬಾರದು.

ನಮ್ಮ ಸಂಘದಲ್ಲಿ ಅಂದಿನಿಂದ ಒಂದು ಪದ್ಧತಿ ನಡೆದುಬಂದಿದೆ. ಹೊಸ ಖಾತೆ ಸಂಖ್ಯೆಯನ್ನು ಒಬ್ಬರು ಬರೆಯುತ್ತಾರೆ, ಇನ್ನೊಬ್ಬರು ಪಾಸ್ ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಾರೆ, ಸದಸ್ಯರು ಕೇಳಿ ಸಹಿ ಹಾಕುತ್ತಾರೆ. ಓದು ಬಾರದವರು ಮನೆಯ ಮಕ್ಕಳನ್ನು ಕರೆತರಲಿ.

1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಕಾಲದಲ್ಲಿ ಕಂಪ್ಯೂಟರ್ ಇರಲಿಲ್ಲ. ಆದರೆ ಸಂಘ ಅಂದರೆ ನಂಬಿಕೆ ಎನ್ನುವುದು ಅಂದೂ ಇತ್ತು, ಇಂದೂ ಇದೆ. ಆದ್ದರಿಂದ ನಮ್ಮದೊಂದೇ ವಿನಂತಿ. ಬಟವಾಡೆ ಬರಲಿಲ್ಲವೆಂದರೆ ಅಂದೇ ಬಂದು ಕೇಳಿ. ಸಂಕೋಚ ಬೇಡ. ಅದು ನಿಮ್ಮ ಬೆವರಿನ ಹಣ. ನೀವು ಕೇಳಿದರೆ ನಮಗೆ ಬೇಸರವಿಲ್ಲ, ಕೇಳದೆ ಹಿಂಡಿಗೆ ಸಾಲ ಮಾಡಿದರೆ ಬೇಸರ.



ಜೈ ಹಿಂದ್, ಜೈ ಸಹಕಾರ.