ಪರವಾನಗಿಯಲ್ಲಿ ಪ್ರಜೆಯ ಪಾಲು



ನಮ್ಮ ತೆರಿಗೆಯ ಹಣದಿಂದ ನಡೆಯುವ ಪ್ರಯೋಗಾಲಯಗಳ ಶೋಧಗಳನ್ನು ಖಾಸಗಿ ಕಂಪನಿಗಳಿಗೆ ಕೊಡಲೇಬಾರದೆಂದು ವಾದಿಸುವವನು ನಾನಲ್ಲ. ಶೋಧಿಸುವ ವಿದ್ಯೆ ಬೇರೆ, ಕೋಟಿಗಟ್ಟಲೆ ತಯಾರಿಸುವ ಸಾಮರ್ಥ್ಯ ಬೇರೆ. ಕೊಡುವಾಗ ನಾವು ಏನನ್ನು ಉಳಿಸಿಕೊಂಡೆವು ಎಂಬುದಷ್ಟೇ ನನ್ನ ಪ್ರಶ್ನೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಂಗವಾದ, ಇದೇ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯು 2020ರಲ್ಲಿ ಕೊರೊನಾ ವೈರಾಣುವನ್ನು ಬೇರ್ಪಡಿಸಿ ಹೈದರಾಬಾದಿನ ಭಾರತ್ ಬಯೋಟೆಕ್ ಕಂಪನಿಗೆ ಒಪ್ಪಿಸಿತು. ಕೋವ್ಯಾಕ್ಸಿನ್ ಹುಟ್ಟಿದ್ದು ಹಾಗೆ. ನಿವ್ವಳ ಮಾರಾಟದ ಮೇಲೆ ಮಂಡಳಿಗೆ ಶೇ. 5ರಷ್ಟು ರಾಜಧನವೆಂದು ಒಪ್ಪಂದವಾಯಿತು. 2022ರ ಜನವರಿ ಅಂತ್ಯಕ್ಕೆ ಸುಮಾರು 172 ಕೋಟಿ ರೂಪಾಯಿ ಸಂದಿತು. ಬೊಕ್ಕಸದ ಮಟ್ಟಿಗೆ ಸಂತೋಷವೇ. ಆದರೆ ಬೆಲೆ? 2021ರ ಏಪ್ರಿಲ್‌ನಲ್ಲಿ, ಜನ ಹಾಸಿಗೆಗಾಗಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತಿದ್ದ ದಿನಗಳಲ್ಲಿ, ಕಂಪನಿ ಸಾರಿದ ದರ ರಾಜ್ಯ ಸರ್ಕಾರಗಳಿಗೆ 600 ರೂಪಾಯಿ, ಖಾಸಗಿ ಆಸ್ಪತ್ರೆಗಳಿಗೆ 1200. ಗದ್ದಲವೆದ್ದ ಮೇಲೆ ರಾಜ್ಯಗಳ ದರ 400ಕ್ಕೆ ಇಳಿಯಿತು. ಪೇಟೆಂಟ್ ಅರ್ಜಿಯಲ್ಲಂತೂ ಮಂಡಳಿಯ ಹೆಸರೇ ಇರಲಿಲ್ಲ! ಅದು ಪ್ರಮಾದವೆಂದು ಹೇಳಿ ಕಂಪನಿ ಹೆಸರು ಸೇರಿಸಿದ್ದು 2024ರಲ್ಲಿ.

ಸಾರ್ವಜನಿಕ ಶೋಧದ ಪ್ರತಿ ಪರವಾನಗಿಯಲ್ಲೂ ಗರಿಷ್ಠ ದರ ಮೊದಲೇ ನಮೂದಾಗಲಿ, ಆ ಪತ್ರ ಸಂಸತ್ತಿನ ಮುಂದೆ ಬರಲಿ ಎಂದು ನಮ್ಮ ಸಂಘ ಕೇಂದ್ರ ಸರ್ಕಾರಕ್ಕೆ ಬರೆಯಬೇಕು. ಈ ಸಭೆಯಲ್ಲೇ ಠರಾವು ಮಂಡಿಸಲು ಅಧ್ಯಕ್ಷರ ಅಪ್ಪಣೆ ಬೇಡುತ್ತೇನೆ.